ಸ್ಪೆಷಲ್ ಊಟ ಮುಗಿದ ದಿನ

ನನ್ನ ಮೊಮ್ಮಗಳು ಇನ್ನು ಉಪ್ಪು ತಿನ್ನಬಹುದಂತೆ! ಇವತ್ತು ಬೆಳಿಗ್ಗೆ ಡಾಕ್ಟರು ತಮ್ಮ ಬಾಯಿಂದಲೇ ಹೇಳಿದರು. ನಾನು ಸುಮ್ಮನಿರದೆ ಮತ್ತೊಮ್ಮೆ ಕೇಳಿದೆ. ಅವರು ನಕ್ಕು, "ಹೌದ್ರೀ ಅಮ್ಮಾರ, ಮನ್ಯಾಗ ಎಲ್ಲಾರೂ ಏನು ಉಣ್ತೀರಿ ಅದನ್ನ ಉಣ್ಲಿ. ಹಪ್ಪಳ, ಉಪ್ಪಿನಕಾಯಿ ಅಷ್ಟ ದಿನಾ ಬ್ಯಾಡ" ಎಂದರು. ಇನ್ನೊಂದು ಸಲ ಕೇಳಲು ಬಾಯಿ ತೆರೆದಾಗ ಸೊಸೆ ಹಿಂದಿನಿಂದ ನನ್ನ ಸೆರಗು ಜಗ್ಗಿದಳು. ಹೊರಗೆ ಬಂದು ಆಟೋ ಹತ್ತುವ ಮೊದಲೇ ಇಬ್ಬರೂ ಅತ್ತೆವು. ಹುಡುಗಿ ಮಾತ್ರ ಅಳಲಿಲ್ಲ. "ಮುಳಗಾಯಿ ಪಲ್ಯ ಮಾಡ್ತೀಯಿಲ್ಲ ಇವತ್ತ?" ಎಂದು ಕೇಳಿದಳು. ಬದನೆಕಾಯಿಗೆ ನಾವು ಮುಳಗಾಯಿ ಎನ್ನುತ್ತೇವೆ.

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಹುಬ್ಬಳ್ಳಿಯ ಹತ್ತಿರದ ಸುಳ್ಳ ಎಂಬ ಹಳ್ಳಿ ನನ್ನ ತವರು, ಅಲ್ಲಿಯ ಸಾಲೆಯಲ್ಲಿ ಅಷ್ಟಕ್ಕೇ ಬಿಡಿಸಿದರು. ಇಂಗ್ಲಿಷ್ ಅಂತೂ ಒಂದಕ್ಷರ ಓದಲು ಬಾರದು. ಆದರೂ ಹುಬ್ಬಳ್ಳಿಯಲ್ಲಿ ಬಾಳುವೆ ಮಾಡಿದವರಿಗೆ ಕೆಲವು ಇಂಗ್ಲಿಷ್ ಮಾತು ನಾಲಗೆಗೆ ತಾವಾಗಿಯೇ ಅಂಟಿಕೊಳ್ಳುತ್ತವೆ. ಹಾಗೆ ಅಂಟಿಕೊಂಡದ್ದರಲ್ಲಿ ಒಂದು, ಸ್ಪೆಷಲ್. ನಾನು ಅದನ್ನು ಅಡಿಗೆಮನೆಗೆ ತಂದುಕೊಂಡೆ. ಅದು ನಮ್ಮ ಮನೆಯಲ್ಲಿ ಎಷ್ಟು ಸಂಕಟ ಕೊಟ್ಟಿತು ಎಂಬುದನ್ನು ಇವತ್ತಿನ ಸಂತೋಷದಲ್ಲೇ ಬರೆದಿಟ್ಟುಬಿಡುತ್ತೇನೆ. ನಾಳೆ ಬರೆಯಲು ಕುಳಿತರೆ ಮನಸ್ಸು ಹೇಗಿರುತ್ತದೋ.

ನೀವೇ ನೋಡಿ, ಊರ ತುಂಬ ಅದೇ ಮಾತು. ಸ್ಪೆಷಲ್ ಚಹಾ ಎಂದರೆ ನೀರು ಕಡಿಮೆ, ಹಾಲು ಹೆಚ್ಚು. ಚುರುಮುರಿ ಗಿರಮಿಟ್ಟು ಮಾರುವವನ ಹತ್ತಿರ ಸ್ಪೆಷಲ್ ಎಂದರೆ ಮೇಲೆ ಇನ್ನೊಂದು ಹಿಡಿ ಸೇವು. ಮಕ್ಕಳಿಗೆ ಸ್ಪೆಷಲ್ ಕ್ಲಾಸ್ ಎಂದರೆ ಸೂಟಿಯ ದಿನವೂ ಸಾಲೆ. ಹಬ್ಬಕ್ಕೆ ಸ್ಪೆಷಲ್ ಬಸ್ಸು ಬಿಟ್ಟರೆ ಅದರಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ದೇವರ ಮುಂದೆಯೂ ಸ್ಪೆಷಲ್ ಪಾಳಿ ಬೇರೆ. ಏನೇ ಇರಲಿ, ಎಲ್ಲರಂತಲ್ಲ ಎಂದು ಹೇಳಬೇಕಾದರೆ ಆ ಮಾತು.

ನಮ್ಮದು ಕಮರಿಪೇಟೆಯಲ್ಲಿ ಸಣ್ಣ ಖಾನಾವಳಿ. ಮುಂದಿನ ಪಡಸಾಲೆಯಲ್ಲಿ ಗಿರಾಕಿಗಳು ಉಣ್ಣುತ್ತಾರೆ, ಹಿಂದೆ ಒಲೆ, ಅಟ್ಟದ ಮೇಲೆ ನಾವು. ರೊಟ್ಟಿ ಬಡಿಯುವ ಸಪ್ಪಳ ನಿಂತರೆ ಮನೆಯಲ್ಲಿ ಯಾರೋ ಸತ್ತಂತೆ ಅನ್ನಿಸುತ್ತದೆ. ನಮ್ಮ ಯಜಮಾನರದು ಒಂದು ನೇಮ. ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಒಂದೇ ಊಟ. ಬ್ಯಾಂಕಿನವರು ಬರಲಿ, ಹಮಾಲರು ಬರಲಿ, ಅದೇ ರೊಟ್ಟಿ, ಅದೇ ಪಲ್ಯ, ಅದೇ ಶೇಂಗಾ ಚಟ್ನಿ. ಗಿರಾಕಿಗಳ ಊಟ ಮುಗಿದ ಮೇಲೆ ಅದೇ ಗಡಿಗೆಯಿಂದ ನಮ್ಮ ಊಟ. ಇದು ಅವರ ಅಪ್ಪನಿಂದ ಬಂದದ್ದು. ದೇವರ ಕೋಣೆಯಲ್ಲಿ ವಿಭೂತಿ ಹಚ್ಚಿಕೊಳ್ಳುವುದು ಎಷ್ಟು ಮುಖ್ಯವೋ ಅವರಿಗೆ ಇದೂ ಅಷ್ಟೇ.

ಒಮ್ಮೆ ಮಗ ಬೋರ್ಡಿನ ಪೇಂಟರನ್ನು ಕರೆಸಿ, ಹೆಸರಿನ ಕೆಳಗೆ 'ಸ್ಪೆಷಲ್ ಊಟ ಸಿಗುತ್ತದೆ' ಎಂದು ಕೆಂಪಕ್ಷರದಲ್ಲಿ ಬರೆಸಿದ. ಎರಡು ಪಲ್ಯ ಜಾಸ್ತಿ, ಒಂದು ಹೋಳಿಗೆ. ಅಷ್ಟೇ ಅವನ ಆಸೆ. ಯಜಮಾನರು ಸಂತೆಯಿಂದ ಬಂದವರು ಕೈಚೀಲ ಕೆಳಗಿಡಲಿಲ್ಲ.

"ಇದನ್ನ ಯಾರ ಬರಿಯಂದ್ರು?"

"ನಾನ ಅಪ್ಪಾ. ಎಲ್ಲಾ ಕಡೆ ಇರ್ತೈತಿ."

"ಬಾಜೂ ಕುಂತಾಂವ ಹೋಳಿಗಿ ತಿನ್ನೂದನ್ನ ಇಂವ ನೋಡ್ಕೋತ ಕುಂಡ್ರಬೇಕನು? ಊಟಕ್ಕ ಕರದೇವೋ, ಪಿಚ್ಚರಿಗೆ ಕರದೇವೋ?"

ಬಣ್ಣ ಒಣಗುವ ಮೊದಲೇ ಸೀಮೆಎಣ್ಣೆಯ ಅರಿವೆಯಿಂದ ಒರೆಸಿದರು. ಆ ಕೆಂಪು ಕಲೆ ಬೋರ್ಡಿನ ಮೇಲೆ ಈಗಲೂ ಇದೆ. ಅಪ್ಪ ಮಗ ಎಷ್ಟೋ ದಿನ ನನ್ನ ಮೂಲಕವೇ ಮಾತಾಡಿದರು. ಒಬ್ಬರು ಬ್ಯಾಂಕಿನ ಕ್ಲಾರ್ಕು, ನಮ್ಮ ಹಳೆಯ ಗಿರಾಕಿ, ಬೇಕೆಂದೇ ದಿನಾ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ಇವತ್ತೇನ್ರೀ ಸ್ಪೆಷಲ್?" ಎಂದು ಕೂಗುತ್ತಿದ್ದರು. "ಇಲ್ಲಿ ಸ್ಪೆಷಲ್ ಅನ್ನೂದ ಇಲ್ಲ, ಸಾಹೇಬ್ರ. ಕೈ ತೊಳಕೊಂಡು ಕುಂಡ್ರ್ರಿ" ಎಂದು ಯಜಮಾನರು ಗುರ್ ಎನ್ನುತ್ತಿದ್ದರು. ಆಗ ಅದು ನಮಗೆಲ್ಲ ನಗೆಯ ಮಾತಾಗಿತ್ತು.

ಮೊಮ್ಮಗಳು ಒಂದನೇ ಇಯತ್ತೆಗೆ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಎದ್ದಾಗ ಕಣ್ಣ ರೆಪ್ಪೆ ಉಬ್ಬಿದ್ದವು. ಸೊಳ್ಳೆ ಕಡಿದಿರಬೇಕೆಂದು ಕೊಬ್ಬರಿ ಎಣ್ಣೆ ಹಚ್ಚಿದೆ. ಮಧ್ಯಾಹ್ನಕ್ಕೆ ಇಳಿಯಿತು, ಮರುದಿನ ಮತ್ತೆ ಉಬ್ಬಿತು. ಆಮೇಲೆ ಕಾಲಿನ ಗೆಜ್ಜೆ ಬಿಗಿಯಾಗಿ ಚರ್ಮದಲ್ಲಿ ಹೂತುಕೊಂಡವು. ಬೆರಳಿನಿಂದ ಒತ್ತಿದರೆ ತಗ್ಗು ಬಿದ್ದು ಹಾಗೇ ಉಳಿಯುತ್ತಿತ್ತು, ನಾದಿದ ಹಿಟ್ಟಿನ ಮೇಲೆ ಉಳಿದ ಹಾಗೆ. ಹೊಟ್ಟೆ ಬಂದು ಫ್ರಾಕಿನ ಗುಂಡಿ ಹತ್ತದಾಯಿತು.

ಕಿಡ್ನಿಯ ರೋಗ ಎಂದರು ಡಾಕ್ಟರು. "ಒಳಗಿನ ಸಾಣಗಿ, ಅಂದ್ರ ಜರಡಿ, ಸಡ್ಲಾಗೇತಿ ಅಂತ ತಿಳಕೋರಿ. ಮೈಯಾಗ ಇರಬೇಕಾದ ಸತ್ವ ಉಚ್ಚಿಯೊಳಗ ಸೋರಾಕತ್ತೈತಿ. ಭಾಳ ಮಂದಿ ಹುಡುಗರಿಗೆ ಆರಾಮ ಆಗ್ತೈತಿ, ಆದ್ರ ತಡಾ ಆಗ್ತೈತಿ. ಬಾವು ಇರೂಮಟಾ ಉಪ್ಪು ಕೊಡಬ್ಯಾಡ್ರಿ." ಸೊಸೆ ಎಲ್ಲಕ್ಕೂ ಹೂಂ ಎಂದಳು. ನನ್ನ ಕಿವಿಯಲ್ಲಿ ಉಪ್ಪು ಎಂಬ ಮಾತೊಂದೇ ನಿಂತಿತು. ಖಾನಾವಳಿಯ ಮನೆಯಲ್ಲಿ ಹುಟ್ಟಿದ ಕೂಸು ಅದು. ನಡೆಯಲು ಕಲಿತದ್ದೇ ಒಲೆಯಿಂದ ಪಂಕ್ತಿಗೆ ಚಟ್ನಿ ಒಯ್ಯುತ್ತ.

ಕೊಟ್ಟ ಗುಳಿಗೆಯಿಂದ ಬಾವು ಇಳಿಯುತ್ತಿತ್ತು, ಆದರೆ ಮುಖ ಗುಂಡಗಾಗಿ ಗಲ್ಲ ಜೋತುಬಿದ್ದವು. ಸಾಲೆಯಲ್ಲಿ ಬನ್ನು ಬನ್ನು ಎಂದು ಚಾಳಿಸುತ್ತಿದ್ದರಂತೆ. ಅದೇ ಗುಳಿಗೆಯಿಂದ ಹಸಿವೆಯೋ ಹಸಿವೆ. ಉಂಡು ಏಳುವಾಗಲೇ ಮತ್ತೆ ಹಸಿವು. ಕೆಳಗೆ ಬಳ್ಳೊಳ್ಳಿ ಒಗ್ಗರಣೆಯ ವಾಸನೆ, ಎಣ್ಣೆಗಾಯಿಯ ವಾಸನೆ. ಅವಳು ಅಟ್ಟದ ಮೆಟ್ಟಿಲ ಮೇಲೆ ಕುಳಿತು ಮೂಗಿನಿಂದಲೇ ಉಣ್ಣುವವಳ ಹಾಗೆ ನೋಡುತ್ತಿದ್ದಳು. ದಿನಾ ಬೆಳಿಗ್ಗೆ ಒಂದು ಸಣ್ಣ ಪಟ್ಟಿಯನ್ನು ಉಚ್ಚೆಯಲ್ಲಿ ಅದ್ದಿ ನೋಡಬೇಕು. ಹಳದಿ ಉಳಿದರೆ ಛಲೋ, ಹಸಿರಾದರೆ ಸೋರುತ್ತಿದೆ ಎಂದರ್ಥ. ಪಟ್ಟಿ ನೋಡುವವರೆಗೆ ನಮ್ಮ ಮನೆಯಲ್ಲಿ ಯಾರೂ ಚಹಾ ಕುಡಿಯುತ್ತಿರಲಿಲ್ಲ. ವಾರಗಟ್ಟಲೆ ಹಳದಿ ಇದ್ದು, ಇನ್ನೇನು ರೋಗ ಬಿಟ್ಟುಹೋಯಿತು ಎನ್ನುವಾಗ, ಒಂದು ಜ್ವರ ಬಂದು ಮತ್ತೆ ಹಸಿರಾಗುತ್ತಿತ್ತು.

ಅವಳಿಗೆ ಬೇರೆ ಗಡಿಗೆ ಇಟ್ಟೆ. ಸೌಟು ಬೇರೆ, ಮಸಾಲೆ ಬೇರೆ. ಮೊದಲ ದಿನ ಉಪ್ಪಿಲ್ಲದ ಬದನೆಕಾಯಿ ಬಾಯಿಗಿಟ್ಟು ಉಗುಳಿದಳು. ತಾಟು ನೂಕಿ ಅಳಲು ಶುರು ಮಾಡಿದಳು. ನನಗೆ ಏನು ತೋಚಿತೋ, "ಹುಚ್ಚಿ, ಅವರದೆಲ್ಲಾ ಸಾದಾ ಊಟ. ನಿಂದು ಸ್ಪೆಷಲ್" ಎಂದೆ.

ಅಳು ನಿಂತಿತು. "ಖರೇನ?"

"ಖರೇನ. ಇಡೀ ಖಾನಾವಳ್ಯಾಗ ನಿನಗೊಬ್ಬಾಕಿಗೆ ಬ್ಯಾರೆ ಗಡಿಗಿ ಐತ್ಯೋ ಇಲ್ಲೋ?"

ಯಜಮಾನರು ತಮ್ಮ ತಾಟಿನಿಂದ ತಲೆ ಎತ್ತಿ ನನ್ನನ್ನು ನೋಡಿದರು. ರೊಟ್ಟಿ ಮುರಿದು ಅವಳ ತಾಟಿಗೆ ಹಾಕಿದರು. ಜೋಳದ ರೊಟ್ಟಿಗೆ ನಾವು ಉಪ್ಪು ಹಾಕುವುದಿಲ್ಲ. ಆ ಎರಡು ತಾಟುಗಳಲ್ಲಿ ಒಂದೇ ಆಗಿ ಉಳಿದದ್ದು ರೊಟ್ಟಿ ಮಾತ್ರ.

ಕೆಲವು ದಿನ ಹುಡುಗಿ ಹೆಮ್ಮೆಯಿಂದ ಉಂಡಳು. ಸಣ್ಣ ಗಡಿಗೆ ಎತ್ತಿಕೊಂಡು ಪಂಕ್ತಿಯ ಮುಂದೆ ಓಡಾಡಿ ನಂದು ಸ್ಪೆಷಲ್ ಎಂದು ಎಲ್ಲರಿಗೂ ಹೇಳಿದಳು. ಬ್ಯಾಂಕಿನ ಕ್ಲಾರ್ಕರು, "ಅರೇ, ನಾ ಎಷ್ಟು ವರ್ಷ ಕೇಳಿದ್ರೂ ನಿಮ್ಮಜ್ಜ ಕೊಡಲಿಲ್ಲ. ನೀನರ ಒಂಚೂರು ಹಾಕವಾ" ಎಂದು ತಾಟು ಮುಂದೆ ಮಾಡಿದರು. ಅವಳು ಒಂದು ಚಮಚ ಪಲ್ಯ ಹಾಕಿದಳು. ಅವರು ರೊಟ್ಟಿಯಲ್ಲಿ ಎತ್ತಿ ಬಾಯಿಗಿಟ್ಟರು. ಮುಖ ತಾನಾಗಿಯೇ ಸಿಂಡರಿಸಿತು. ಪಾಪ, ಒಳ್ಳೆಯ ಮನುಷ್ಯ, ತಕ್ಷಣ ಸರಿಪಡಿಸಿಕೊಂಡು, "ವಾ ವಾ, ಮಸ್ತ್ ಐತಿ" ಎಂದರು. ಆದರೆ ಹುಡುಗಿ ನೋಡಿಬಿಟ್ಟಿದ್ದಳು. ಗಡಿಗೆಯನ್ನು ಒಲೆಯ ಹತ್ತಿರ ತಂದಿಟ್ಟು ಅಟ್ಟ ಹತ್ತಿಹೋದಳು. ಆಮೇಲೆ ಆ ಮಾತನ್ನು ಅವಳು ಆಡಲಿಲ್ಲ. ನಾನು ಮಾತ್ರ ಬಿಡಲಿಲ್ಲ. ಬೇರೆ ಮಾತು ನನ್ನ ಹತ್ತಿರ ಇರಲಿಲ್ಲವಲ್ಲ.

ಒಂದು ಹೋಳಿ ಹುಣ್ಣಿಮೆಯ ದಿನ ಮನೆಯವರೆಲ್ಲ ಬಾಳೆ ಎಲೆ ಹಾಕಿ ಕುಳಿತಿದ್ದೆವು. ಪಟ್ಟಿ ಹಸಿರಾಗಿ ನಾಲ್ಕಾರು ದಿನವಾಗಿತ್ತು, ಕಾಲಲ್ಲಿ ಬಾವಿತ್ತು. ಅಂದು ಬಡಿಸುತ್ತಿದ್ದವರು ಯಜಮಾನರು. ಹೋಳಿಗೆ, ಕಟ್ಟಿನ ಸಾರು, ಕೋಸಂಬರಿ, ಬಜಿ, ಚಟ್ನಿ. ಎಲ್ಲರ ಎಲೆಗೂ ಹಾಕುತ್ತ ಬಂದವರು ಅವಳ ಎಲೆಯ ಮುಂದೆ ನಿಂತರು. ಅವಳ ಎಲೆಯಲ್ಲಿ ಹೋಳಿಗೆ ಮತ್ತು ಅವಳ ಗಡಿಗೆಯ ಸಪ್ಪೆ ಪಲ್ಯ. ಅವಳು ಬೇಡಲಿಲ್ಲ, ಅಳಲಿಲ್ಲ. ಎಲೆಯ ಖಾಲಿ ಜಾಗವನ್ನು ಬೆರಳಿನಿಂದ ಒರೆಸುತ್ತ ಕುಳಿತಿದ್ದಳು. ಇವರು ಎಲ್ಲವನ್ನೂ ಬಡಿಸಿಬಿಟ್ಟರು.

"ಮಾವಾರ!" ಎಂದಳು ಸೊಸೆ.

"ಹಬ್ಬದ ದಿನ ಪಂಕ್ತ್ಯಾಗ ಭೇದ ಮಾಡೂದಿಲ್ಲ ನಾ. ಒಂದಿನಕ್ಕ ಏನೂ ಆಗೂದಿಲ್ಲ. ದೇವರು ನೋಡ್ಕೋತಾನ."

ಮಗ ಎಲೆ ಎಳೆದುಕೊಳ್ಳಲು ಬಂದ. ಅಷ್ಟರಲ್ಲಿ ಅವಳು ಸಾರಿನಲ್ಲಿ ಕಲಸಿ ಉಣ್ಣಲು ಶುರು ಮಾಡಿದ್ದಳು. ಎರಡೂ ಕೈಯಿಂದ ಉಣ್ಣುತ್ತಿದ್ದಳು. ಅದನ್ನು ನೋಡಿ ಯಾರಿಗೂ ಕೈ ಏಳಲಿಲ್ಲ.

ಮರುದಿನ ಅವಳಿಗೆ ಕಣ್ಣು ತೆರೆಯಲಾಗಲಿಲ್ಲ. ಅದರ ಮೇಲೆ ಜ್ವರ, ಉಸಿರು ಮೇಲೆ ಕೆಳಗೆ. ದವಾಖಾನೆಯಲ್ಲಿ ಡಾಕ್ಟರು, ರೋಗ ಉಪ್ಪಿನಿಂದ ಬಂದದ್ದಲ್ಲ, ಬಾವು ಅದರಿಂದ ಹೆಚ್ಚಾಯಿತು, ಜ್ವರಕ್ಕೆ ಒಳಗಿನ ಸೋಂಕು ಕಾರಣ ಎಂದು ಸಮಾಧಾನದಿಂದಲೇ ಹೇಳಿದರು. ಯಜಮಾನರ ತಲೆಗೆ ಅದಾವುದೂ ಹೋಗಲಿಲ್ಲ. "ನನ್ನ ಕೈಯಿಂದ ನೀಡಿದ್ನಿ" ಎಂದರು, ಅಷ್ಟೇ. ವಾರ್ಡಿನ ಬಾಗಿಲ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ ಕುಳಿತುಬಿಟ್ಟರು. ಒಳಗೆ ಬರಲಿಲ್ಲ.

ಮಕ್ಕಳ ವಾರ್ಡಿನಲ್ಲಿ ಪಕ್ಕದ ಮಂಚದ ಮೇಲೆ ಇದೇ ರೋಗದ ಇನ್ನೊಂದು ಹೆಣ್ಣುಕೂಸು ಇತ್ತು. ಅದಕ್ಕೂ ಉಪ್ಪಿಲ್ಲದ ಗಂಜಿ. ಇಬ್ಬರೂ ಒಂದೇ ಸಲ ಬಾಯಿಗಿಟ್ಟುಕೊಂಡು, ಒಬ್ಬರ ಮುಖ ಒಬ್ಬರು ನೋಡಿ, "ಥೂ" ಎಂದು ನಗುತ್ತಿದ್ದರು. ಅಷ್ಟು ದಿನಗಳಲ್ಲಿ ನನ್ನ ಮೊಮ್ಮಗಳು ಯಾರದಾದರೂ ಜೊತೆ ಕುಳಿತು ಒಂದೇ ಊಟ ಉಂಡಿದ್ದರೆ ಅದು ಅಲ್ಲಿ. ಒಂದು ದಿನ ನಾನು ಕೆಳಗೆ ಹೋಗಿ ಹಾಲು ತೆಗೆದುಕೊಂಡು ಬರುವಷ್ಟರಲ್ಲಿ ಆ ಮಂಚಕ್ಕೆ ಪರದೆ ಕಟ್ಟಿದ್ದರು. ಸಂಜೆ ಪರದೆ ತೆಗೆದಾಗ ಗಾದಿಯ ಮೇಲೆ ಚಾದರವೂ ಇರಲಿಲ್ಲ, ಕೂಸೂ ಇರಲಿಲ್ಲ. ಆ ಕೂಸಿನ ತಾಯಿ ಗಂಜಿಯ ಡಬ್ಬಿ ಮರೆತುಹೋಗಿದ್ದಳು. ಅದನ್ನು ನರ್ಸಿನ ಕೈಗೆ ಕೊಟ್ಟೆ.

ಸೋಂಕು ತಗುಲಬಾರದೆಂದು ನಮ್ಮವಳನ್ನು ಸ್ಪೆಷಲ್ ವಾರ್ಡಿಗೆ ಹಾಕಿದರು. ಒಂದೇ ಮಂಚ, ಮುಚ್ಚಿದ ಕಿಡಕಿ, ಒಬ್ಬರಿಗಿಂತ ಹೆಚ್ಚು ಮಂದಿ ಒಳಗೆ ಬರುವಂತಿಲ್ಲ.

"ಆಯೀ, ಈ ಖೋಲಿಗೆ ಏನಂತಾರ?" ಎಂದು ಮೊಮ್ಮಗಳು ನನ್ನನ್ನು ಕೇಳಿದಳು.

"ಸ್ಪೆಷಲ್ ವಾರ್ಡ್ ಅಂತಾರ, ತಂಗಿ."

ಅವಳು ಮುಚ್ಚಿದ ಕಿಡಕಿಯ ಕಡೆ ತಿರುಗಿದಳು. "ಸ್ಪೆಷಲ್ ಅಂದ್ರ ಒಬ್ಬರ ಇರೂದನ, ಆಯೀ? ಬಾಜೂ ಮಂಚದ ಆಕಿನ್ನೂ ಸ್ಪೆಷಲ್ ವಾರ್ಡಿಗೆ ಒಯ್ದರನ?"

ನಾನು ಅವಳ ಕಾಲು ಒತ್ತುತ್ತ ಕುಳಿತೆ. ದೊಡ್ಡದು, ಹೆಚ್ಚಿನದು, ಛಲೋದು ಎಂದು ತಿಳಿದು ನಾನು ಅವಳಿಗೆ ಕೊಟ್ಟ ಮಾತು. ಅದರ ಅರ್ಥ ಅವಳಿಗೆ ನನಗಿಂತ ಮೊದಲೇ ತಿಳಿದಿತ್ತು.

ದೇವರು ದೊಡ್ಡವನು, ಅವಳನ್ನು ಮನೆಗೆ ಕರೆತಂದೆವು. ಬಾವು ಇಳಿದರೂ ಪಟ್ಟಿ ಒಂದು ವಾರ ಹಳದಿ, ಒಂದು ವಾರ ಹಸಿರು. ಗಡಿಗೆಯಲ್ಲಿ ಮತ್ತೆ ಸಪ್ಪೆ ಪಲ್ಯ. ಬಂದ ದಿನವೇ ಯಜಮಾನರು ತಮ್ಮ ತಾಟು ತಂದು ಅವಳ ಪಕ್ಕ ಕುಳಿತರು. "ನಂಗೂ ಆಕಿ ಗಡಿಗ್ಯಾಗಿಂದನ ಹಾಕು" ಎಂದರು.

"ನಿನಗ ಯಾಕ ಅಜ್ಜಾ? ನಿನಗೇನ ಬ್ಯಾನಿ ಐತಿ?"

"ನಿನ್ನ ಜೋಡಿ ಕುಂಡ್ರಾಕ ಬ್ಯಾನಿ ಬೇಕನು? ಪಂಕ್ತಿ ಅಂದ್ರ ಇಬ್ಬರರ ಬೇಕು."

ನಾನು ಬೈದೆ, ಮಗ ಬೇಡಿಕೊಂಡ. ಕೇಳುವ ಮನುಷ್ಯ ಅಲ್ಲ. ಮಜ್ಜಿಗೆಗೂ ಉಪ್ಪು ಹಾಕಿಕೊಳ್ಳಲಿಲ್ಲ. ಅಷ್ಟು ವಯಸ್ಸಾದವರು, ಮೇಲೆ ಬೇಸಿಗೆ, ದಿನವಿಡೀ ಒಲೆಯ ಮುಂದೆ ಬೆವರು. ಮುಖದ ಕಳೆ ಹೋಯಿತು, ನಡೆಯುವಾಗ ಗೋಡೆ ಹಿಡಿಯತೊಡಗಿದರು. ಒಂದು ಮಧ್ಯಾಹ್ನ ಪಂಕ್ತಿಗೆ ರೊಟ್ಟಿ ಒಯ್ಯುವಾಗ ಕಣ್ಣು ಕತ್ತಲೆ ಬಂದು ಗಿರಾಕಿಗಳ ನಡುವೆ ಬಿದ್ದರು. ಬುಟ್ಟಿಯ ರೊಟ್ಟಿಗಳು ಹರಡಿ ಬಿದ್ದವು. ಹಣೆ ಒಡೆದು ರಕ್ತ. ಆ ಬ್ಯಾಂಕಿನವರೇ ಎತ್ತಿ ಆಟೋದಲ್ಲಿ ಹಾಕಿಕೊಂಡು ಓಡಿದರು. ಮೈಯಲ್ಲಿ ಉಪ್ಪು ಕಡಿಮೆಯಾಗಿದೆ ಎಂದು ಬಾಟಲಿ ಏರಿಸಿದರು. ಒಬ್ಬರಿಗೆ ಉಪ್ಪು ವಿಷ, ಇನ್ನೊಬ್ಬರಿಗೆ ಉಪ್ಪೇ ಔಷಧ. ಒಂದೇ ಮನೆ. ಆ ಸಂಜೆ ಇಬ್ಬರಲ್ಲಿ ಯಾರ ಸಲುವಾಗಿ ದೇವರ ಮುಂದೆ ದೀಪ ಹಚ್ಚಲಿ ಎಂದು ತಿಳಿಯದೆ ನಿಂತೆ.

ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಬಂದವರು ಮತ್ತೆ ಅದೇ ಹಟ, ಸಪ್ಪೆ ತಾಟಿನ ಮುಂದೆ ಕುಳಿತರು. ಹುಡುಗಿ ಎದ್ದು ಒಲೆಯ ಹತ್ತಿರ ಹೋದಳು. ಉಪ್ಪಿನ ಭರಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು. ಅವಳು ಅದನ್ನು ಮುಟ್ಟಿದ್ದನ್ನು ನೋಡಿ ಸೊಸೆ ಓಡಿಬಂದಳು. ಹುಡುಗಿ ಚಿಟಿಕೆ ತೆಗೆದು ಅಜ್ಜನ ಪಲ್ಯದ ಮೇಲೆ ಉದುರಿಸಿದಳು. ಬೆರಳನ್ನು ನೆಕ್ಕಲಿಲ್ಲ, ಲಂಗಕ್ಕೆ ಒರೆಸಿಕೊಂಡಳು.

"ನೀ ಸಾದಾ ಉಣ್ಣು ಅಜ್ಜಾ. ನೀ ಬಿದ್ರ ನನ್ನ ಜೋಡಿ ಯಾರ ಕುಂಡ್ರತಾರ?"

ಯಜಮಾನರು ಉಂಡರು. ತಲೆ ಎತ್ತದೆ ಉಂಡರು. ಆವತ್ತಿನಿಂದ ಅವರ ತಾಟಿಗೆ ದಿನಾ ಅವಳೇ ಉಪ್ಪು ಹಾಕುತ್ತಿದ್ದಳು. ತಾಟು ಮಾತ್ರ ಪಕ್ಕದಲ್ಲೇ.

ಹಾಗೆಯೇ ದಿನಗಳು ಹೋದವು. ಹಸಿರು, ಹಳದಿ, ಮತ್ತೆ ಹಸಿರು. ಗುಳಿಗೆ ಬದಲಾದವು. ನಿಧಾನವಾಗಿ ಹಳದಿಯ ದಿನಗಳು ಉದ್ದವಾದವು. ಗಲ್ಲ ಇಳಿದು ಅವಳ ಹಳೆಯ ಮುಖ ಹೊರಗೆ ಬಂತು. ಅದೇ ಮುಖ, ಆದರೆ ಕೂಸಿನದಲ್ಲ. ಇತ್ತೀಚೆಗೆ ಗುಳಿಗೆಯೂ ನಿಂತಿತು. ಬಾವು ಇಲ್ಲದಿದ್ದರೂ ನಾವು ಹೆದರಿ ಉಪ್ಪು ಮುಟ್ಟಿಸಿರಲಿಲ್ಲ, ಯಜಮಾನರಂತೂ ಆ ಮಾತೆತ್ತಿದರೆ ಎದ್ದುಹೋಗುತ್ತಿದ್ದರು. ಅದಕ್ಕೇ ಇವತ್ತು ಡಾಕ್ಟರ ಬಾಯಿಂದ ಕೇಳಿಕೊಂಡು ಬರಲು ನಾನು ಹೋದದ್ದು.

ಮನೆಗೆ ಬಂದು ಹೇಳಿದಾಗ ಯಜಮಾನರು ರೊಟ್ಟಿಯ ಹಿಟ್ಟು ಸಾಣಿಸುತ್ತಿದ್ದರು. ನಂಬಲಿಲ್ಲ. "ಡಾಕ್ಟರು ಖರೇನ ಹಂಗಂದ್ರನ? ನೀ ಬರೋಬ್ಬರಿ ಕೇಳಿಸಿಕೊಂಡಿಲ್ಲೋ ಏನೋ" ಎಂದರು. "ಅತ್ಯಾರು ಎರಡ ಸಲ ಕೇಳ್ಯಾರ್ರಿ ಮಾವಾರ" ಎಂದಳು ಸೊಸೆ. ಅವರು ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡರು. ಗಡ್ಡ ಮೀಸೆಯೆಲ್ಲ ಬೆಳ್ಳಗಾಗಿ ಹುಡುಗಿ ಬಿದ್ದು ಬಿದ್ದು ನಕ್ಕಳು.

ಸಂಜೆ ಬ್ಯಾಂಕಿನವರು ಬಂದರು. ಈಗ ರಿಟೈರ್ ಆಗಿದ್ದಾರೆ, ಆದರೂ ಊಟಕ್ಕೆ ಇಲ್ಲಿಗೇ. ಅಜ್ಜ ಬಿದ್ದ ದಿನದಿಂದ ಅವರು ಆ ಹಳೆಯ ಚೇಷ್ಟೆ ಬಿಟ್ಟಿದ್ದರು. ಇವತ್ತು ಮನೆಯ ತುಂಬ ನಗೆ ಕೇಳಿ ಮರೆತು ಬಾಯಿಬಿಟ್ಟರು. "ಏನ್ರೀ ಇವತ್ತ ಸ್ಪೆಷಲ್?"

ಒಲೆಯ ಹತ್ತಿರ ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದೆ. ಹುಡುಗಿ ಬಾಗಿಲಿಗೆ ಹೋದಳು.

"ಏನೂ ಇಲ್ರಿ ಕಾಕಾ. ಎಲ್ಲಾರಿಗೂ ಒಂದ ಐತಿ. ನಂಗೂ ಅದ."

ಅವರಿಗೆ ತಿಳಿಯಿತು. ಬಗ್ಗಿ ಬಹಳ ಹೊತ್ತು ಚಪ್ಪಲಿ ಬಿಡುತ್ತಲೇ ಇದ್ದರು.

ಗಿರಾಕಿಗಳನ್ನು ಲಗೂ ಕಳಿಸಿ ಪಡಸಾಲೆಯಲ್ಲೇ ಕುಳಿತೆವು. ಮಗ, ಸೊಸೆ, ಯಜಮಾನರು, ಅವರ ಪಕ್ಕ ಹುಡುಗಿ, ಈಚೆಗೆ ನಾನು. ಸಣ್ಣ ಗಡಿಗೆಯಲ್ಲಿ ಸೊಸೆ ನಾಳೆಗೆ ಹೆಸರುಕಾಳು ನೆನೆಹಾಕಿದ್ದಳು. ದೊಡ್ಡ ಗಡಿಗೆಯಿಂದ ಬದನೆಕಾಯಿ ಪಲ್ಯ ಎಲ್ಲರಿಗೂ ನೀಡಿದೆ. ಅವಳ ತಾಟಿನ ಮುಂದೆ ಕೈ ತಾನಾಗಿಯೇ ನಿಂತಿತು. ಯಜಮಾನರೂ ನೋಡುತ್ತಿದ್ದರು. ಅವರ ಹಣೆಯ ಕಲೆ ಬೆವರಿನಲ್ಲಿ ಹೊಳೆಯುತ್ತಿತ್ತು. "ಹಾಕು ಆಯೀ, ತಣ್ಣಗಾಗ್ತೈತಿ" ಎಂದಳು. ಹಾಕಿದೆ.

ರೊಟ್ಟಿಯಲ್ಲಿ ಎತ್ತಿ ಬಾಯಿಗಿಟ್ಟಳು. ಮುಖ ಸಿಂಡರಿಸಿದಳು.

"ಉಪ್ಪು ಭಾಳ ಆಗೇತಿ, ಆಯೀ!"

ಮಗ ರುಚಿ ನೋಡಿ, "ಇಲ್ಲವಾ, ಬರೋಬ್ಬರಿ ಐತಿ" ಎಂದ. ಯಜಮಾನರು ಒಂದು ತುತ್ತು ತಿಂದು, ಬಹಳ ವಿಚಾರ ಮಾಡುವವರ ಹಾಗೆ ಅಗಿದು, "ಹೂಂ, ಆಕಿ ಹೇಳಿದ್ದು ಖರೇ. ಜರಾ ಜಾಸ್ತಿನ ಐತಿ" ಎಂದರು. ಸೊಸೆ ಮೊಸರಿನ ಗಡಿಗೆ ಮುಂದೆ ಸರಿಸಿದಳು. ಹುಡುಗಿ ಪಲ್ಯದಲ್ಲಿ ಮೊಸರು ಕಲಸಿಕೊಂಡಳು. ಅಜ್ಜನ ತಾಟಿಗೂ ಒಂದು ಸೌಟು ಹಾಕಿದಳು.

ನಾಳೆ ಬೆಳಿಗ್ಗೆ ಮತ್ತೆ ಪಟ್ಟಿ ನೋಡುತ್ತೇವೆ. ವಾರಕ್ಕೊಮ್ಮೆ ನೋಡಿದರೆ ಸಾಕು ಎಂದಿದ್ದಾರೆ ಡಾಕ್ಟರು, ಆದರೆ ನೋಡದೆ ನಮಗೆ ಚಹಾ ಇಳಿಯುವುದಿಲ್ಲ. ಅದು ನಾಳಿನ ಮಾತು. ಇವತ್ತು ಅವಳು ಎರಡನೇ ರೊಟ್ಟಿ ಕೇಳಿದಳು. ಮಗ ತನ್ನದರಲ್ಲೇ ಅರ್ಧ ಮುರಿದು ಕೊಟ್ಟ. ಎಲ್ಲರೂ ಉಣ್ಣುತ್ತಿದ್ದೆವು.